ಗ್ಯಾಸ್ಟ್ರಿಕ್‌ಗೆ ‘ಅಸಾಫೋಟಿಡಾ 30’: ಸಕ್ಕರೆ ಗುಳಿಗೆಯಲ್ಲಿ ಇಂಗು ಎಷ್ಟಿದೆ?

ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡೀತು ಎಂಬ ಗಾದೆ ನಮ್ಮಲ್ಲಿದೆ. ಒಗ್ಗರಣೆಗೆ ಹಾಕುವ ಇದೇ ಇಂಗು ಹೋಮಿಯೋಪಥಿ ಅಂಗಡಿಯಲ್ಲಿ ‘ಅಸಾಫೋಟಿಡಾ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಹೊಟ್ಟೆಯುಬ್ಬರ, ಮೇಲಕ್ಕೆ ಒತ್ತುವ ಗ್ಯಾಸ್, ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತೆ ಅನಿಸುವುದು ಇಂಥವಕ್ಕೆ ಹೋಮಿಯೋಪಥಿ ಗ್ರಂಥಗಳು ಇದನ್ನು ಸೂಚಿಸುತ್ತವೆ. ನೈಟ್ ಶಿಫ್ಟ್ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಟೆಕಿಗಳಿಗೂ ಪೀಣ್ಯದ ಕಾರ್ಖಾನೆ ಕಾರ್ಮಿಕರಿಗೂ ‘ಗ್ಯಾಸ್ಟ್ರಿಕ್’ ಎನ್ನುವುದು ದಿನಬಳಕೆಯ ಪದ. ‘ಅಡುಗೆಮನೆಯ ಇಂಗೇ ಅಲ್ವಾ, ತಗೊಂಡರೆ ತಪ್ಪೇನು?’ ಎಂದು ಕೇಳುವವರೂ ಇದ್ದಾರೆ. ಎರಡೂ ಒಂದೇನಾ? ನೋಡೋಣ.

ಮೊದಲು ಅಸಲಿ ಇಂಗು

ಫೆರುಲಾ ಎಂಬ ಗಿಡದ ಬೇರನ್ನು ಕೊಯ್ದಾಗ ಒಸರುವ ಹಾಲಿನಂಥ ರಸ ಒಣಗಿ ಗಟ್ಟಿಯಾದರೆ ಅದೇ ಇಂಗು. ಕ್ಯಾರೆಟ್, ಕೊತ್ತಂಬರಿಗಳದೇ ಸಸ್ಯ ಕುಟುಂಬ. ಮೂಗಿಗೆ ಹೊಡೆಯುವ ಘಾಟು ಅದರಲ್ಲಿರುವ ಗಂಧಕದ ಸಂಯುಕ್ತಗಳದ್ದು. ಮುಖ್ಯವಾಗಿ ಅಫ್ಘಾನಿಸ್ತಾನ, ಇರಾನ್‌ಗಳಿಂದ ಬರುತ್ತದೆ. ಭಾರತದಲ್ಲಿ ಬೆಳೆಸುವ ಪ್ರಯತ್ನವಾಗಿ ಪಾಲಂಪುರದ ಸಿಎಸ್‌ಐಆರ್ ಸಂಸ್ಥೆ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ. ಅಂದಹಾಗೆ, ನಾವು ಕೊಳ್ಳುವ ಡಬ್ಬಿಯ ಪುಡಿಯೂ ಪೂರ್ತಿ ಇಂಗಲ್ಲ. ಗೋಂದು, ಮೈದಾ ಅಥವಾ ಅಕ್ಕಿ ಹಿಟ್ಟು ಬೆರೆಸಿದ್ದು. ಗೋಧಿ ಒಗ್ಗದವರು ಲೇಬಲ್ ಓದಿಯೇ ಕೊಳ್ಳಬೇಕು.

30 ಎಂದರೇನು?

ಇಂಗನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ಮಾಡಿದ ‘ಮದರ್ ಟಿಂಕ್ಚರ್’ನಲ್ಲಿ (ಬಾಟಲಿ ಮೇಲೆ ಕ್ಯೂ ಅಂತಿರುತ್ತದೆ) ಇಂಗು ನಿಜವಾಗಿಯೂ ಇದೆ. ಅಲ್ಲಿಂದ ಮುಂದೆ ಒಂದು ಭಾಗಕ್ಕೆ 99 ಭಾಗ ದ್ರಾವಕ ಸೇರಿಸಿ ಕುಲುಕುತ್ತಾರೆ, ಅದು 1ಸಿ. ಹೀಗೆ ಮೂವತ್ತು ಸಲ ಮಾಡಿದರೆ 30ಸಿ. ಅಂದರೆ 1ರ ಮುಂದೆ 60 ಸೊನ್ನೆ ಬರೆದರೆ ಎಷ್ಟೋ ಅಷ್ಟು ಭಾಗದಲ್ಲಿ ಒಂದು ಭಾಗ.

ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯನ್ನೇ ತಗೊಳ್ಳಿ. ಕೆರೆಗೆ ಒಂದೇ ಒಂದು ಹನಿ ಹಾಕಿ ಕಲಸಿದರೂ ನಾವು ಮುಟ್ಟುವುದು ಹೆಚ್ಚುಕಡಿಮೆ 7ಸಿ. ಇನ್ನೂ 23 ಸಲ ನೂರು ಪಟ್ಟು ತೆಳುವಾಗಿಸಬೇಕು! 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಾಧ್ಯತೆ ತೀರಾ ಕಡಿಮೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಹಾಗಾಗಿ 30ರ ಗುಳಿಗೆಯಲ್ಲಿರುವುದು ಸಕ್ಕರೆ.

ಕೆಲಸ ಮಾಡುತ್ತದೆಯೇ?

ಇಂಗಿನ ಸಾರದ ಮೇಲೆ 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಜೀರ್ಣವಿದ್ದ 43 ಜನರ ಪೈಕಿ 250 ಮಿಲಿಗ್ರಾಂ ಸಾರವನ್ನು ದಿನಕ್ಕೆರಡು ಸಲ ಪಡೆದವರಲ್ಲಿ ತೊಂದರೆ ಕಡಿಮೆಯಾಯಿತು. ಚಿಕ್ಕ ಪ್ರಯೋಗ, ಲೇಖಕರಲ್ಲಿ ಸಾರ ತಯಾರಿಸುವ ಕಂಪನಿಯವರೂ ಇದ್ದರು. ಆದರೂ ಅದು ಅಳೆಯಬಹುದಾದ ಪ್ರಮಾಣದ ಇಂಗು. ಅದನ್ನು ತೋರಿಸಿ 30ಸಿ ಗುಳಿಗೆಯನ್ನು ಸಮರ್ಥಿಸಲಾಗದು. ಹೋಮಿಯೋಪಥಿಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಯಾವ ಕಾಯಿಲೆಗೂ ಅದು ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇಲ್ಲ ಎಂದು 2015ರಲ್ಲಿ ಹೇಳಿತು. ಗುಳಿಗೆ ತಗೊಂಡವರಿಗೆ ಆರಾಮ ಅನಿಸುವುದು ಸುಳ್ಳಲ್ಲ. ಗ್ಯಾಸ್ ಬಹಳ ಸಲ ತಾನಾಗಿಯೇ ಇಳಿಯುತ್ತದೆ.

ನಮಗೆ ಆತಂಕವಿರುವುದು ಬೇರೆ ಕಡೆ. ಹೃದಯಾಘಾತದ ಎದೆಯುರಿ, ಎದೆಭಾರವನ್ನು ‘ಗ್ಯಾಸ್’ ಎಂದುಕೊಂಡು ಗುಳಿಗೆ ಚಪ್ಪರಿಸುತ್ತಾ ಕೂತರೆ ಹೋಗುವುದು ಅಮೂಲ್ಯ ಸಮಯ. ‘ನನಗಿನ್ನೂ ಮೂವತ್ತೈದು’ ಎನ್ನುವುದು ನೆಪವಾಗದು: ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 40 ವರ್ಷದೊಳಗಿನ ಹೃದ್ರೋಗಿಗಳಿಗಾಗಿಯೇ 2017ರಿಂದ ಪ್ರತ್ಯೇಕ ದಾಖಲಾತಿ ನಡೆಸಿದೆ. ಎದೆನೋವಿನ ಜೊತೆ ಬೆವರು, ಉಸಿರಾಟದ ತೊಂದರೆ, ತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ ಇವಿದ್ದರೂ ವೈದ್ಯರನ್ನು ಕಾಣಿ.

ಮಕ್ಕಳಿಗೆ ಕೊಡಬಹುದೇ?

ಹೊಟ್ಟೆನೋವೆಂದು ಅಳುವ ಕೂಸಿನ ಹೊಕ್ಕುಳ ಸುತ್ತ ಅಜ್ಜಿಯರು ಇಂಗು ತೇಯ್ದು ಹಚ್ಚುತ್ತಾರೆ. ಹೊಕ್ಕುಳಬಳ್ಳಿ ಒಣಗಿ ಬೀಳುವವರೆಗಂತೂ ಅಲ್ಲಿಗೆ ಏನನ್ನೂ ಹಚ್ಚಬಾರದು. ಬಾಯಿಗೆ ಹಾಕುವುದು ಇನ್ನೂ ಅಪಾಯ. ಇಂಗು ಬೆರೆಸಿದ ದ್ರವ ಕುಡಿಸಿದ ಐದು ವಾರದ ಮಗುವಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡ ಪ್ರಕರಣವನ್ನು ‘ಪೀಡಿಯಾಟ್ರಿಕ್ಸ್’ ಪತ್ರಿಕೆ 1984ರಲ್ಲಿ ವರದಿ ಮಾಡಿದೆ. ಮದರ್ ಟಿಂಕ್ಚರ್‌ನಲ್ಲಿ ಇಂಗಿನ ಜೊತೆ ಆಲ್ಕೋಹಾಲ್ ಕೂಡ ಇರುವುದರಿಂದ ಅದನ್ನು ಕೂಸುಗಳಿಗೆ ಒಂದು ಹನಿಯೂ ಕೊಡಬೇಡಿ.