ಮೋಟರ್‌ಹೋಮ್ ಬ್ಯಾಟರಿ: ದೀರ್ಘ ನಿಲುಗಡೆಯಲ್ಲಿ ಆರೈಕೆ

ಮೋಟರ್‌ಹೋಮ್ ಎಂದರೆ ಎಂಜಿನ್ನಿನ ಬೆನ್ನಿಗೇ ಮನೆ ಕಟ್ಟಿಕೊಂಡ ವಾಹನ. ಹಾಸಿಗೆ, ಒಲೆ, ಫ್ರಿಜ್, ನೀರಿನ ಪಂಪು, ಶೌಚಾಲಯ ಎಲ್ಲವೂ ಒಳಗೇ ಇರುತ್ತವೆ. ಇದರ ಬಳಕೆ ಉತ್ತರ ಅಮೆರಿಕ ಮತ್ತು ಯೂರೋಪಿನಲ್ಲಿ ಹೆಚ್ಚು. ಅಲ್ಲಿನ ಅನೇಕ ಮಾಲೀಕರು ಬೇಸಿಗೆಯಲ್ಲಿ ಸುತ್ತಾಡಿ, ಚಳಿ ಶುರುವಾದೊಡನೆ ವಾಹನವನ್ನು ನಿಲ್ಲಿಸಿಬಿಡುತ್ತಾರೆ. ಜರ್ಮನಿಯಲ್ಲಿ ಇದಕ್ಕೆಂದೇ 1997ರಿಂದ ಋತುಮಾನದ ನಂಬರ್ ಪ್ಲೇಟ್ ಇದೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ರಸ್ತೆಗಿಳಿಯಬಹುದೆಂಬುದು ಅದರ ಮೇಲೇ ಅಚ್ಚಾಗಿರುತ್ತದೆ. ಉಳಿದ ತಿಂಗಳು ವಾಹನ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲುವಂತೆಯೂ ಇಲ್ಲ. ಹೀಗೆ ನಾಲ್ಕೈದು ತಿಂಗಳು ಅಲುಗಾಡದೆ ನಿಂತ ವಾಹನದಲ್ಲಿ ಸದ್ದಿಲ್ಲದೆ ಕೆಡುವ ಭಾಗ ಬ್ಯಾಟರಿ.

ಮೋಟರ್‌ಹೋಮ್‌ನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬ್ಯಾಟರಿಗಳಿರುತ್ತವೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟರೆ ಅದರ ಕೆಲಸ ಮುಗಿಯಿತು. ದೀಪ, ಪಂಪು, ಫ್ಯಾನುಗಳಿಗೆ ಗಂಟೆಗಟ್ಟಲೆ ಕರೆಂಟು ಕೊಡುವ ಮನೆಬದಿಯ ಬ್ಯಾಟರಿಯಲ್ಲಿ ದಪ್ಪ ಪ್ಲೇಟುಗಳಿರುತ್ತವೆ. ಗೋಡೆಯ ಪ್ಲಗ್ಗಿಗೆ ವಾಹನವನ್ನು ಸಿಕ್ಕಿಸಿದರೆ ಎರಡೂ ಚಾರ್ಜ್ ಆಗುತ್ತವೆ ಎಂದು ನಂಬಿ ಮೋಸಹೋದವರು ಬಹಳ. ಎಷ್ಟೋ ಮಾದರಿಗಳಲ್ಲಿ ಪ್ಲಗ್ಗಿನ ಕರೆಂಟು ಮನೆಬದಿಯ ಬ್ಯಾಟರಿಗಷ್ಟೇ ತಲುಪುತ್ತದೆ. ಚಳಿಗಾಲವಿಡೀ ಪ್ಲಗ್ಗಿನಲ್ಲಿದ್ದ ವಾಹನದ ಒಳಗೆ ದೀಪವೆಲ್ಲ ಝಗಝಗಿಸುತ್ತಿದ್ದು ಎಂಜಿನ್ ಮಾತ್ರ ಸೆಲ್ಫ್ ಎತ್ತದಿರುವುದು ಇದರಿಂದಲೇ.

ಇವೆರಡೂ ಸಾಮಾನ್ಯವಾಗಿ ಸೀಸ–ಆಮ್ಲ ಬ್ಯಾಟರಿಗಳೇ. ಈ ಬಗೆಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದ. ಅದರ ಮೂಲ ರಸಾಯನ ಇಂದಿಗೂ ಬದಲಾಗಿಲ್ಲ. ಕರೆಂಟು ತೆಗೆದಂತೆಲ್ಲ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಗಂಧಕಾಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ. ಚಾರ್ಜ್ ಮಾಡಿದಾಗ ಇದು ಹಿಂದುಮುಂದಾಗುತ್ತದೆ. ಸಲ್ಫೇಟಿನ ಹರಳು ಹೊಸದಾಗಿದ್ದಾಗ ನುಣ್ಣಗಿದ್ದು ಸುಲಭವಾಗಿ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ದಪ್ಪನಾಗಿ ಬೆಳೆದು ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜರಿಗೂ ಜಗ್ಗುವುದಿಲ್ಲ. ಗಟ್ಟಿಯಾದ ಸಲ್ಫೇಟನ್ನು ಕರಗಿಸುತ್ತೇವೆಂದು ಮಾರುಕಟ್ಟೆಗೆ ಬರುವ ಪುಡಿ, ದ್ರವ, ಯಂತ್ರಗಳ ಮೇಲೆ ಭರವಸೆ ಇಡುವುದಕ್ಕಿಂತ ಅದು ಗಟ್ಟಿಯಾಗದಂತೆ ನೋಡಿಕೊಳ್ಳುವುದೇ ಅಗ್ಗ.

ಯಾವ ತಂತಿಯೂ ಇಲ್ಲದೆ ಸುಮ್ಮನೆ ಇಟ್ಟ ಬ್ಯಾಟರಿಯೂ ತಾನಾಗಿ ಇಳಿಯುತ್ತದೆ. ಆಮ್ಲ ತುಂಬಿದ ಸಾಮಾನ್ಯ ಬ್ಯಾಟರಿ ತಿಂಗಳಿಗೆ ಸುಮಾರು ಶೇ. 3ರಿಂದ 5ರಷ್ಟು ಕಳೆದುಕೊಂಡರೆ, ಗಾಜಿನ ನಾರಿನ ಹಾಸಿನಲ್ಲಿ ಆಮ್ಲ ಹೀರಿಸಿದ ಎಜಿಎಂ ಬ್ಯಾಟರಿ ಶೇ. 1ರಿಂದ 3ರಷ್ಟು ಕಳೆದುಕೊಳ್ಳುತ್ತದೆ. ಉಷ್ಣತೆ 10 ಡಿಗ್ರಿ ಏರಿದಾಗ ಈ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ನಿಜವಾದ ಕಳ್ಳರು ಬೇರೆ. ಗ್ಯಾಸ್ ಸೋರಿಕೆಯ ಎಚ್ಚರಿಕೆ ಯಂತ್ರ, ರೇಡಿಯೋದ ಗಡಿಯಾರ, ಕಳ್ಳಗಂಟೆ, ಫ್ರಿಜ್ಜಿನ ನಿಯಂತ್ರಣ ಫಲಕ, ಆರಿಸದೆ ಬಿಟ್ಟ ಇನ್ವರ್ಟರ್ ಇವೆಲ್ಲ ಹಗಲು ರಾತ್ರಿ ಒಂದಿಷ್ಟು ಕುಡಿಯುತ್ತಲೇ ಇರುತ್ತವೆ. ಎಲ್ಲ ಸೇರಿ 50 ಮಿಲಿಆಂಪಿಯರ್ ಎಂದುಕೊಂಡರೂ ದಿನಕ್ಕೆ 1.2, ತಿಂಗಳಿಗೆ 36 ಆಂಪಿಯರ್–ಗಂಟೆ ಖರ್ಚಾಗುತ್ತದೆ. ಅಂದರೆ 100 ಆಂಪಿಯರ್–ಗಂಟೆಯ ಬ್ಯಾಟರಿ ಆರು ವಾರದೊಳಗೆ ಅರ್ಧಕ್ಕಿಳಿದು, ಮೂರು ತಿಂಗಳಾಗುವಷ್ಟರಲ್ಲಿ ಬರಿದಾಗುತ್ತದೆ. ಅನೇಕ ವಾಹನಗಳಲ್ಲಿ ಬ್ಯಾಟರಿ ಕಡಿತದ ಸ್ವಿಚ್ ಇದ್ದರೂ ಗ್ಯಾಸಿನ ಎಚ್ಚರಿಕೆ ಯಂತ್ರದಂಥವು ಅದನ್ನು ದಾಟಿ ನೇರವಾಗಿ ಬ್ಯಾಟರಿಗೆ ಸೇರಿರುತ್ತವೆ. ಸ್ವಿಚ್ ಒತ್ತಿದ ಮೇಲೆ ಮೀಟರ್ ಇಟ್ಟು ನೋಡಿದವರಿಗಷ್ಟೇ ಇದು ಗೊತ್ತಾಗುವುದು. ನೆಗೆಟಿವ್ ತಂತಿಯನ್ನೇ ಬಿಚ್ಚಿಡುವುದು ಹಳೆಯ ಉಪಾಯ, ಈಗಲೂ ಅದಕ್ಕಿಂತ ಖಚಿತವಾದದ್ದಿಲ್ಲ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಕೊನೆಗೆ. ಇಲ್ಲದಿದ್ದರೆ ಪಾಸಿಟಿವ್ ತುದಿಯ ಮೇಲಿರುವ ಸ್ಪ್ಯಾನರ್ ವಾಹನದ ಲೋಹಕ್ಕೆ ತಾಗಿ ಕಿಡಿ ಹಾರುತ್ತದೆ.

ಚಳಿಗೂ ಬ್ಯಾಟರಿಗೂ ಇರುವ ಸಂಬಂಧವನ್ನು ಜನ ಹಲವು ಸಲ ತಲೆಕೆಳಗಾಗಿ ತಿಳಿಯುತ್ತಾರೆ. ತುಂಬಿದ ಬ್ಯಾಟರಿಗೆ ಚಳಿ ಹಿತವೇ, ಅದರ ಸೋರಿಕೆ ತಗ್ಗುತ್ತದೆ. ಅದರೊಳಗಿನ ಗಾಢ ಆಮ್ಲ ಹೆಪ್ಪುಗಟ್ಟಲು ಉಷ್ಣತೆ ಮೈನಸ್ 50 ಡಿಗ್ರಿಗಿಂತಲೂ ಕೆಳಗಿಳಿಯಬೇಕು. ಬರಿದಾದ ಬ್ಯಾಟರಿಯಲ್ಲಿ ಉಳಿದಿರುವುದು ಬಹುಮಟ್ಟಿಗೆ ನೀರು. ಅದು ಮೈನಸ್ 7 ಡಿಗ್ರಿಯ ಆಸುಪಾಸಿನಲ್ಲೇ ಗಡ್ಡೆಕಟ್ಟಿ, ಉಬ್ಬಿ, ಪ್ಲೇಟುಗಳನ್ನು ಬಾಗಿಸಿ ಪೆಟ್ಟಿಗೆಯನ್ನು ಸೀಳುತ್ತದೆ. ಮೋಟರ್‌ಹೋಮ್‌ಗೆ ಮತ್ತೊಂದು ಹೆಸರೆಂಬಷ್ಟು ಪ್ರಸಿದ್ಧವಾದ ವಿನ್ನೆಬೇಗೊ ಕಂಪನಿ ಬೆಳೆದದ್ದು ಅಮೆರಿಕದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ. ಅಲ್ಲಿ ಜನವರಿಯ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುವುದು ಅಪರೂಪವಲ್ಲ. ಅಂಥ ಊರಿನಲ್ಲಿ ನವೆಂಬರಿನಲ್ಲಿ ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಚ್ಚಿಟ್ಟ ಆರೋಗ್ಯವಂತ ಬ್ಯಾಟರಿ ಏಪ್ರಿಲ್‌ವರೆಗೆ ಹೊರಗೇ ಇದ್ದರೂ ಬದುಕಿಕೊಳ್ಳುತ್ತದೆ.

ಹಾಗಾಗಿ ದಾರಿ ಇರುವುದು ಎರಡು: ಪೂರ್ತಿ ತುಂಬಿ ಪೂರ್ತಿ ಬೇರ್ಪಡಿಸುವುದು, ಇಲ್ಲವೇ ಬುದ್ಧಿವಂತ ಚಾರ್ಜರಿನ ಮೇಲ್ವಿಚಾರಣೆಯಲ್ಲಿಡುವುದು. ಈ ಚಾರ್ಜರ್ ಮೊದಲು ಜೋರಾಗಿ ತುಂಬಿ, 14.4 ವೋಲ್ಟಿನ ಆಸುಪಾಸಿನಲ್ಲಿ ಕೆಲವು ಗಂಟೆ ಹಿಡಿದು, ಆಮೇಲೆ 13.5 ವೋಲ್ಟಿನ ಸುತ್ತಮುತ್ತ ಇಳಿಸಿ ಕಾಯುತ್ತದೆ. ಒಂದೇ ವೋಲ್ಟೇಜಿನಲ್ಲಿ ತಿಂಗಳುಗಟ್ಟಲೆ ತಳ್ಳುವ ಹಳೆಯ ಕನ್ವರ್ಟರುಗಳು ನೀರನ್ನು ಆವಿಯಾಗಿಸಿ ಪ್ಲೇಟುಗಳನ್ನು ಬರಿಮೈ ಮಾಡುತ್ತವೆ. ಆಮ್ಲ ತುಂಬಿದ ಸಾಮಾನ್ಯ ಬ್ಯಾಟರಿಯನ್ನು ಪ್ಲಗ್ಗಿನಲ್ಲಿಟ್ಟವರು ತಿಂಗಳಿಗೊಮ್ಮೆ ಮುಚ್ಚಳ ತೆರೆದು ಡಿಸ್ಟಿಲ್ಡ್ ವಾಟರ್ ನೋಡಲೇಬೇಕು. ನೀರು ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜಿನ ವೇಳೆ ಉಕ್ಕಿ ಆಮ್ಲ ಚೆಲ್ಲುತ್ತದೆ. ಪ್ಲೇಟು ಕಾಣುವಷ್ಟು ನೀರು ಇಳಿದಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಬೇಕು. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4 ಸೇರಿದರೆ ಕಿಡಿಗಾಗಿ ಕಾದಿರುತ್ತದೆ, ಆದ್ದರಿಂದ ಬ್ಯಾಟರಿ ಗೂಡಿಗೆ ಗಾಳಿಯಾಡಬೇಕು.

ಬಿಚ್ಚಿಟ್ಟ ಬ್ಯಾಟರಿಯನ್ನು ಅಳೆಯಲು ಸಾಧಾರಣ ವೋಲ್ಟ್‌ಮೀಟರ್ ಸಾಕು, ಚಾರ್ಜ್ ನಿಲ್ಲಿಸಿ ಕೆಲವು ಗಂಟೆ ಕಳೆದಿರಬೇಕು ಅಷ್ಟೆ. 12.6ರಿಂದ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ರ ಕೆಳಗೆ ಹೋದರೆ ತಡಮಾಡಬಾರದು. 12.4ಕ್ಕೆ ಇಳಿದಾಗಲೇ ಮತ್ತೆ ಚಾರ್ಜಿಗೆ ಹಾಕುವುದು ಒಳ್ಳೆಯ ರೂಢಿ.

ವಾರಕ್ಕೊಮ್ಮೆ ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಗುರುಗುಟ್ಟಿಸುವುದು ಬಹು ಪ್ರಚಲಿತವಾದ, ಅಷ್ಟೇ ನಿರರ್ಥಕವಾದ ಅಭ್ಯಾಸ. ಕೊನೆಯ ಶೇ. 20ರಷ್ಟು ತುಂಬಲು ಗಂಟೆಗಟ್ಟಲೆ ಬೇಕು. ಬಿಸಿಯೇರದ ಎಂಜಿನ್ನಿನ ಎಣ್ಣೆಯಲ್ಲೂ ಹೊಗೆಕೊಳವೆಯಲ್ಲೂ ತೇವ ಸೇರಿಕೊಳ್ಳುವುದು ಇದರ ಜೊತೆಗಿನ ನಷ್ಟ. ಚಾವಣಿಯ ಸೌರಫಲಕ ಇದಕ್ಕಿಂತ ಮೇಲು. ಆದರೆ ಹಿಮ ಮುಚ್ಚಿದರೆ ಅಥವಾ ವಾಹನಕ್ಕೆ ಹೊದಿಕೆ ಹಾಕಿದರೆ ಅದೂ ಕುರುಡಾಗುತ್ತದೆ. ಬ್ಯಾಟರಿಯನ್ನು ಕಾಂಕ್ರೀಟ್ ನೆಲದ ಮೇಲಿಟ್ಟರೆ ಇಳಿದುಹೋಗುತ್ತದೆಂಬ ಮಾತು ಸೋರುವ ಪೆಟ್ಟಿಗೆಗಳ ಕಾಲದ್ದು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೇಲಿನ ಹಲವು ನಿಯಮಗಳು ಉಲ್ಟಾ. ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ಈ ವಸ್ತುವಿನ ಬಗ್ಗೆ 1997ರಲ್ಲಿ ಪ್ರಬಂಧ ಪ್ರಕಟಿಸಿತು. ಇದರಲ್ಲಿ ಸಲ್ಫೇಟಿನ ಕಾಟವಿಲ್ಲ, ಪೂರ್ತಿ ತುಂಬಿ ಇಟ್ಟರೇ ಬೇಗ ಮುಪ್ಪಾಗುತ್ತದೆ. ಸುಮಾರು ಅರ್ಧ ಚಾರ್ಜಿನಲ್ಲಿ ಬೇರ್ಪಡಿಸಿಡುವುದು ಸರಿ, ಸದಾ ಚಾರ್ಜರಿನಲ್ಲಿ ತೂಗಿಹಾಕಬೇಕಿಲ್ಲ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗಿನ ಗ್ರಾಫೈಟಿನ ಮೇಲೆ ಲೋಹರೂಪದ ಲಿಥಿಯಂ ಲೇಪನಗೊಂಡು ಶಾಶ್ವತ ಹಾನಿಯಾಗುತ್ತದೆ. ಹಾಗಾಗಿ ಚಳಿಯಲ್ಲಿ ಚಾರ್ಜ್ ತಡೆಯುವ ರಕ್ಷಣಾ ಮಂಡಲ ಇಲ್ಲದಿದ್ದರೆ ಸೌರಫಲಕವನ್ನೂ ಕಡಿದಿಡಬೇಕು. ಇದರ ವೋಲ್ಟೇಜ್ ಬಹುಕಾಲ ಸಮತಟ್ಟಾಗಿರುವುದರಿಂದ ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಹೇಳುವುದು ಕಷ್ಟ.

ಕರ್ನಾಟಕದಲ್ಲಿ ಮೋಟರ್‌ಹೋಮ್ ಇನ್ನೂ ಅಪರೂಪದ ನೋಟ. ಆದರೂ ಮನೆಯ ಇನ್ವರ್ಟರಿನ ಕೆಳಗೆ ಸಾಮಾನ್ಯವಾಗಿ ಕೂತಿರುವುದು ಸೀಸ–ಆಮ್ಲ ಜಾತಿಯ ಬ್ಯಾಟರಿಯೇ. 2020ರ ಲಾಕ್‌ಡೌನ್ ಮುಗಿದಾಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮೂಕವಾಗಿದ್ದುದೂ ಇದೇ ರಸಾಯನದಿಂದ. ಇಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ಕಾಟವೆಲ್ಲ ಬಿಸಿಲಿನದು. 40 ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಲ್ಲಿ ಬ್ಯಾಟರಿಯ ಸ್ವಯಂ ಸೋರಿಕೆ 20 ಡಿಗ್ರಿಯಲ್ಲಿ ಇದ್ದುದರ ಸುಮಾರು ನಾಲ್ಕು ಪಟ್ಟಾಗುತ್ತದೆ.

ನಿಲುಗಡೆ ಮುಗಿದು ವಾಹನವನ್ನು ಹೊರತೆಗೆಯುವಾಗ ಮೊದಲು ಪೆಟ್ಟಿಗೆ ಉಬ್ಬಿದೆಯೇ, ಸೀಳಿದೆಯೇ ನೋಡಬೇಕು. ಗಡ್ಡೆಕಟ್ಟಿದ ಬ್ಯಾಟರಿಗೆ ಚಾರ್ಜರ್ ಹಚ್ಚುವುದು ಅಪಾಯ. ಟರ್ಮಿನಲ್ ಮೇಲೆ ಬೂಷ್ಟಿನಂತೆ ಬೆಳೆದ ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಕ್ಲಾಂಪ್ ಬಿಗಿಮಾಡಿದ ಮೇಲೆ ವ್ಯಾಸಲೀನ್ ಸವರುತ್ತಾರೆ. ಸೋಡಾ ನೀರು ಮುಚ್ಚಳದ ತೂತಿನಿಂದ ಒಳಗೆ ಇಳಿಯಬಾರದು. ಇಳಿದರೆ ಆ ಕೋಶದ ಆಮ್ಲವೇ ಸಪ್ಪೆಯಾಗುತ್ತದೆ.