ದೀವದ ಹುಲ್ಲೆ

ಕನ್ನಡದಲ್ಲಿ ದೀವವೆಂಬ ಹಳೆಯ ಮಾತೊಂದುಂಟು. ದೀಮವೆಂಬ ರೂಪವೂ ಅದಕ್ಕಿದೆ. ಕಾಡಿನ ಮೃಗವನ್ನು ಸೆಳೆದು ಹಿಡಿಯುವುದಕ್ಕಾಗಿ ಬೇಟೆಗಾರನು ಸಾಕಿ ಪಳಗಿಸಿದ, ಅದೇ ಜಾತಿಯ ಮೃಗಕ್ಕೆ ಈ ಹೆಸರು. ಈ ಒಂದು ಕೆಲಸಕ್ಕಾಗಿಯೇ ಬೇರೆಯೊಂದು ಮಾತು ನಾಡಿನಲ್ಲಿ ನೆಲೆಗೊಂಡಿತ್ತೆಂದರೆ, ಅಂತಹ ಬೇಟೆಯು ಎಷ್ಟು ರೂಢಿಯಲ್ಲಿದ್ದಿತೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಅರಸರ ವಿನೋದಗಳಲ್ಲಿ ಒಂದಾಗಿ ಎಣಿಸಿ ವಿಸ್ತಾರವಾಗಿ ವಿವರಿಸಿದ್ದಾನೆ. ಬಲೆಯನ್ನು ಯಾರಾದರೂ ಹೆಣೆದಾರು. ದೀವದ ಬೇಟೆಗೆ ಮುಖ್ಯವಾಗಿ ಬೇಕಾದುದು ಗಂಡುಹುಲ್ಲೆಯ ಬೆದೆಗಾಲದ ನಡತೆಯನ್ನು ಬಲ್ಲ ಕಣ್ಣು.

ಹುಲ್ಲೆ, ಎರಳೆ, ಚಿಗರೆ ಎಂದು ನಮ್ಮವರು ಕರೆಯುವ ಈ ಕೃಷ್ಣಮೃಗವು ಬಯಲಿನ ಪ್ರಾಣಿ. ವರ್ಷದ ಎಲ್ಲ ಕಾಲದಲ್ಲಿಯೂ ಇವು ಕೂಡುವುದುಂಟಾದರೂ, ಬೇಸಗೆಯ ಮೊದಲಲ್ಲಿಯೂ ಮಳೆಗಾಲದ ಕೊನೆಯಲ್ಲಿಯೂ ಬೆದೆಯ ಭರವು ಹೆಚ್ಚು. ಆಗ ಬಲಿತ ಗಂಡು ಬಯಲಿನಲ್ಲಿ ತನಗೊಂದು ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದು. ಗೊತ್ತಾದ ಜಾಗದಲ್ಲಿಯೇ ಹಿಕ್ಕೆ ಹಾಕಿ ಗುಡ್ಡೆಮಾಡುವುದು. ಕಣ್ಣಿನ ಮುಂದಿರುವ ಗ್ರಂಥಿಯನ್ನು ಹುಲ್ಲುಕಡ್ಡಿಗೂ ಗಿಡದ ತುದಿಗೂ ಒತ್ತಿ ತನ್ನ ವಾಸನೆಯನ್ನು ಬಿಡುವುದು. ಮತ್ತೊಂದು ಗಂಡು ಕಣ್ಣಿಗೆ ಬಿದ್ದೊಡನೆ ಮೂತಿಯನ್ನು ಮೇಲಕ್ಕೆತ್ತಿ, ಸುರುಳಿಗೊಂಬುಗಳನ್ನು ಬೆನ್ನಿನ ಕಡೆಗೆ ವಾಲಿಸಿ, ಗೊರಗೊರನೆ ದನಿಮಾಡುತ್ತ ಬಿಂಕದಿಂದ ಹೆಜ್ಜೆಯಿಡುವುದು. ಬಹುಮಟ್ಟಿಗೆ ಜಗಳವು ಈ ನಡಿಗೆಯಲ್ಲಿಯೇ ತೀರಿಹೋಗುತ್ತದೆ. ತೀರದಿದ್ದರೆ ಕೊಂಬಿಗೆ ಕೊಂಬು ಸೇರುವುದು. ಮಿಕ್ಕ ಕಾಲದಲ್ಲಿ ಹುಲುಕಡ್ಡಿ ಅಲುಗಿದರೂ ಓಡುವ ಪ್ರಾಣಿ ಈ ದಿನಗಳಲ್ಲಿ ತನ್ನ ಎಲ್ಲೆಯನ್ನು ಬಿಟ್ಟು ಕದಲಲು ಮನಸ್ಸು ಮಾಡುವುದಿಲ್ಲ. ಬೇಟೆಗಾರನು ಹಿಡಿದದ್ದು ಈ ಮರ್ಮವನ್ನು.

ಅಬುಲ್ ಫಜಲನು ಅಕ್ಬರನ ಆಳ್ವಿಕೆಯ ವಿವರಗಳನ್ನು ಬರೆದಿಟ್ಟ ‘ಐನ್-ಇ-ಅಕ್ಬರಿ’ಯಲ್ಲಿ ಈ ಬೇಟೆಯ ಕ್ರಮವು ಸ್ಪಷ್ಟವಾಗಿದೆ. ಸಾಕಿದ ಗಂಡಿನ ಕೊಂಬುಗಳಿಗೆ ಬಲೆಯನ್ನು ಬಿಗಿದು ಕಾಡಿನ ಗಂಡಿನ ಎದುರಿಗೆ ಬಿಡುತ್ತಿದ್ದರು. ಎರಡೂ ಕಾದಾಡುವಾಗ ಕಾಡಿನದರ ಕೊಂಬೋ ಕಾಲೋ ಕಿವಿಯೋ ಬಲೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದಿತು. ಮರೆಯಲ್ಲಿ ಅಡಗಿದ್ದವರು ಓಡಿಬಂದು ಅದನ್ನು ಹಿಡಿಯುತ್ತಿದ್ದರು. ಬಲೆ ಹರಿದರೆ, ಇಲ್ಲವೆ ಸಾಕಿದ ಮೃಗವು ದಣಿದರೆ, ಅದು ತನ್ನ ಪಾಲಕನ ಬಳಿಗೆ ಹಿಂದಿರುಗುತ್ತಿದ್ದಿತಂತೆ. ಬೆದೆಯ ಆವೇಶದಲ್ಲಿಯೂ ಮನುಷ್ಯನ ಬಳಿಗೆ ಮರಳುವಂತೆ ಅದನ್ನು ತಿದ್ದಿದವನ ತಾಳ್ಮೆಯನ್ನು ಮೆಚ್ಚಬೇಕೋ, ತನ್ನ ಕುಲವನ್ನೇ ಹಿಡಿದುಕೊಡುವ ಆ ಪ್ರಾಣಿಗಾಗಿ ಮರುಗಬೇಕೋ ನಮಗೆ ತೋರದು.

ಇಂಥದೊಂದು ದೀವದ ಹುಲ್ಲೆಗೆ ಸ್ಮಾರಕವೂ ಆಗಿದೆ. ಜಹಾಂಗೀರನ ಬಳಿ ಮನಸರಾಜನೆಂಬ ಹುಲ್ಲೆಯಿದ್ದಿತು. ಕಾಡಿನಿಂದ ಹಿಡಿದು ತಂದ ಒಂದು ತಿಂಗಳೊಳಗೆ ಪಳಗಿ, ಅರಮನೆಯ ಹುಲ್ಲೆಗಳಿಗೆಲ್ಲ ಮುಂದಾಳಾಯಿತು. ಸಾಕಿದವುಗಳೊಡನೆ ಕಾದುವುದರಲ್ಲಿಯೂ ಕಾಡಿನವುಗಳನ್ನು ಹಿಡಿದುಕೊಡುವುದರಲ್ಲಿಯೂ ಅದಕ್ಕೆ ಸಮನಿಲ್ಲವೆಂದು ಬಾದಶಹನೇ ತನ್ನ ಆತ್ಮಕಥೆಯಲ್ಲಿ ಹೊಗಳಿದ್ದಾನೆ. ಅದು ಸತ್ತ ಮೇಲೆ, 1607ರ ಸುಮಾರಿನಲ್ಲಿ, ಲಾಹೋರಿಗೆ ಸಮೀಪದ ಈಗಿನ ಶೇಖುಪುರದ ಬಳಿ ಗೋರಿಯ ಮೇಲೆ ಹುಲ್ಲೆಯ ಆಕಾರದ ಕಲ್ಲನ್ನು ಇಡಿಸಿ, ಹಿರನ್ ಮಿನಾರ್ ಎಂಬ ಗೋಪುರವನ್ನು ಎತ್ತಿಸಿದನು. ಆ ಬಯಲಿನಲ್ಲಿ ಯಾರೂ ಹುಲ್ಲೆಯನ್ನು ಬೇಟೆಯಾಡಕೂಡದೆಂದೂ ಅಪ್ಪಣೆಯಾಯಿತು. ಸಾವಿರಾರು ಮೃಗಗಳನ್ನು ಕೊಂದ ದೊರೆಯು ಒಂದರ ಸಾವಿಗೆ ಅತ್ತು, ಉಳಿದವುಗಳಿಗೆ ಅಭಯವಿತ್ತನು. ಅರಸರ ಮನಸ್ಸು ವಿಚಿತ್ರವಾದುದು.

ದೀವದ ಬೇಟೆಯಲ್ಲಿ ದಿನಕ್ಕೆ ಸಿಕ್ಕುತ್ತಿದ್ದುದು ಕೆಲವೇ ಮೃಗಗಳು, ಅದೂ ಜೀವಸಹಿತವಾಗಿ. ಕೋವಿ ಬಂದ ಮೇಲೆ ಈ ಮಿತಿಯು ಹೋಯಿತು. ರೈತನ ಎತ್ತಿನ ಗಾಡಿಯನ್ನು ಕಂಡು ಹುಲ್ಲೆಗಳು ಬೆದರುವುದಿಲ್ಲವೆಂಬುದನ್ನು ಅರಿತ ಶಿಕಾರಿಗಳು ಗಾಡಿಯ ಮರೆಯಲ್ಲಿಯೇ ಹತ್ತಿರ ಸಾಗಿ ಗುಂಡು ಹಾರಿಸಿದರು. ಅವರಿಗೆ ಬೇಕಾಗಿದ್ದುದು ಗೋಡೆಗೆ ನೇತುಹಾಕಲು ಉದ್ದವಾದ ಕೊಂಬು. ಅಂತಹ ಕೊಂಬಿರುವುದು ಬಲಿತ ಗಂಡುಗಳಿಗೇ. ಅದರ ಜೊತೆಗೆ ನೇಗಿಲು ಬಯಲುಗಳನ್ನು ನುಂಗಿತು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬರುವ ಹೊತ್ತಿಗೆ ಹಿಂಡುಗಳು ಅಲ್ಲಲ್ಲಿ ಚದುರಿ ಉಳಿದಿದ್ದುವು. ನಮ್ಮಲ್ಲಿ 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಅಭಯಧಾಮವೇರ್ಪಟ್ಟಿತು; 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೂ ರಕ್ಷಣೆ ದೊರೆಯಿತು. ಬೆದೆಗಾಲದ ಆ ಬಿಂಕದ ನಡಿಗೆಯನ್ನು ಅಲ್ಲಿ ಈಗಲೂ ನೋಡಬಹುದು. ನಮ್ಮ ದಕ್ಷಿಣದ ಗಂಡುಗಳು ಉತ್ತರದವುಗಳಷ್ಟು ಕಪ್ಪಾಗುವುದಿಲ್ಲವೆಂಬುದನ್ನು ಮಾತ್ರ ನೋಡಹೋಗುವವರು ನೆನಪಿನಲ್ಲಿಡಬೇಕು.

ಗುಜರಾತಿನ ವೇಳಾವದರದಲ್ಲಿ ಗಂಡುಗಳು ಒಂದು ಕಿರಿಯ ಬಯಲಿನಲ್ಲಿ ಒತ್ತೊತ್ತಾಗಿ ಎಲ್ಲೆಗಳನ್ನು ಕಟ್ಟಿಕೊಂಡು ನಿಲ್ಲುತ್ತವೆ. ಹೆಣ್ಣುಗಳು ಅವುಗಳ ನಡುವೆ ಹಾಯ್ದು ತಮಗೆ ಒಪ್ಪಿದುದನ್ನು ಆರಿಸುತ್ತವೆ. ಹೆಚ್ಚಿನ ಗಂಡುಗಳು ಬರಿದೆ ನಿಂತು ದಣಿಯುತ್ತವೆ. ದೀವದವರ ಗಮನವೆಲ್ಲ ಗಂಡುಗಂಡುಗಳ ಕಾಳಗದ ಮೇಲಿದ್ದಿತು. ಹೆಣ್ಣಿನ ಈ ಆಯ್ಕೆಯನ್ನು ವಿವರವಾಗಿ ಗುರುತಿಸಿದವರು ಕೋವಿಯಿಲ್ಲದೆ ಕುಳಿತು ನೋಡಿದ ಈಚಿನ ವಿದ್ವಾಂಸರು.

ಹಿರನ್ ಮಿನಾರಿನ ಸೀಮೆಗೆ ಇಷ್ಟು ಭಾಗ್ಯವೂ ಒದಗಲಿಲ್ಲ. ಗೋಪುರವೇನೋ ನಿಂತಿದೆ. ಆದರೆ ಆ ದೇಶದಲ್ಲೆಲ್ಲ ಕಾಡಿನ ಹುಲ್ಲೆಗಳು ನಿಶ್ಶೇಷವಾಗಿ ಅಳಿದುಹೋದುವು. ಹಿಂದೆ ನಮ್ಮ ದೇಶದ ಹುಲ್ಲೆಗಳ ಸಂತತಿಯನ್ನು ಕೊಂಡೊಯ್ದು ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಸಾಕಿದ್ದರು. ಬಹಾವಲಪುರದ ಬಳಿಯ ಲಾಲ್ ಸುಹಾನ್ರಾ ಉದ್ಯಾನದಲ್ಲಿ ಮತ್ತೆ ಹುಲ್ಲೆಗಳನ್ನು ನೆಲೆಗೊಳಿಸಲು ಪಾಕಿಸ್ತಾನದವರು ಅಲ್ಲಿಂದಲೇ ಮೃಗಗಳನ್ನು ತರಿಸಬೇಕಾಯಿತು.