ಬಣವೆಯಿಂದ ಹಾರಿದ ಹುಡುಗನ ಮಷೀನು

"ರೋಗ ಯಾವುದು ಅಂತ ಗೊತ್ತಾಗೈತಲ್ಲ ತಮ್ಮಾ, ಮತ್ಯಾಕ ಸ್ಕ್ಯಾನಿಂಗು?"

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ದೊಡ್ಡವ್ವ ಕೇಳಿದ್ಲು. ಕುತ್ತಿಗೆಯಲ್ಲಿ ಗಂಟು ಬಂದು, ಬಯಾಪ್ಸಿ ಆಗಿ, ಲಿಂಫೋಮಾ ಅಂತ ಗೊತ್ತಾಗಿ, ಎರಡು ಸಲ ಕೀಮೋ ಮುಗಿದಿತ್ತು. ಇಟ್ಟಿಗಿಯಿಂದ (ಮಹಾದೇವ ದೇವಾಲಯ ಇರೋ ಕೊಪ್ಪಳದ ಇಟಗಿ ಅಲ್ಲ, ನಮ್ಮದು ಹಡಗಲಿ ಕಡೇದು) ರಾತ್ರಿಯೆಲ್ಲಾ ಬಸ್ಸಲ್ಲಿ ಕೂತು ಬಂದಿದ್ಲು. ದಿನವಿಡೀ ಕೋಡ್ ಬರೆಯೋ ನನಗೆ ಅವಳಿಗೆ ತಿಳಿಯೋ ಹಾಗೆ ಹೇಳೋಕೆ ಬರಲಿಲ್ಲ. ಕಾಯೋ ಹೊತ್ತಲ್ಲಿ ಈ ಮಷೀನಿನ ಚರಿತ್ರೆ ಓದತೊಡಗಿದೆ.

1895ರಲ್ಲಿ ರಂಟ್‌ಗನ್ ಎಕ್ಸ್‌ರೇ ಕಂಡುಹಿಡಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಎಕ್ಸ್‌ರೇ ಅಂದ್ರೆ ನೆರಳು. ಪಕ್ಕೆಲುಬು, ಹೃದಯ, ಗಂಟು ಎಲ್ಲಾ ಒಂದರ ಮೇಲೊಂದು ಬಿದ್ದಿರುತ್ತೆ. ತಲೆಬುರುಡೆಯೊಳಗಿನ ಗಡ್ಡೆಯಂತೂ ನೇರವಾಗಿ ಕಾಣೋದೇ ಕಷ್ಟ. ಮುಂದಿನ ಮುಕ್ಕಾಲು ಶತಮಾನ ವೈದ್ಯರು ಈ ನೆರಳುಗಳನ್ನೇ ಓದಿದರು.

ಅದನ್ನು ಬದಲಿಸಿದ್ದು ವೈದ್ಯನಲ್ಲ, ನಮ್ಮಂಥ ಒಬ್ಬ ಕಂಪ್ಯೂಟರ್ ಇಂಜಿನಿಯರ್. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ 1919ರಲ್ಲಿ ಹುಟ್ಟಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ಹೊಲಮನೆಯಲ್ಲಿ ಬೆಳೆದವನು. ತಾನೇ ಮಾಡಿಕೊಂಡ ಗ್ಲೈಡರ್ ಹಿಡಿದು ಹುಲ್ಲಿನ ಬಣವೆ ಮೇಲಿಂದ ಹಾರಿದವನು. ಯೂನಿವರ್ಸಿಟಿ ಡಿಗ್ರಿ ಇಲ್ಲ, ಇದ್ದದ್ದು ಡಿಪ್ಲೊಮಾ. ಗ್ರಾಮಫೋನ್ ರೆಕಾರ್ಡಿಗೆ ಹೆಸರಾದ ಇಎಂಐ ಕಂಪನಿಯಲ್ಲಿ ಕಂಪ್ಯೂಟರ್ ಕಟ್ಟುತ್ತಿದ್ದ. ಬಿಇ ಮಾಡಿ ಬೀಗಿದ ನಮಗೆ ಇದೊಂದು ಸಣ್ಣ ಚಿವುಟು.

ಅವನ ಲೆಕ್ಕ ಸರಳ. ಒಂದೇ ದಿಕ್ಕಿನಿಂದ ನೆರಳು ಹಿಡಿಯೋ ಬದಲು ಸುತ್ತಲೂ ತಿರುಗಿಸುತ್ತಾ ಕಿರಣ ಹಾಯಿಸು, ಪ್ರತಿ ಸಲ ಎಷ್ಟು ಒಳಗೇ ಹೀರಿಹೋಯ್ತು ಅಂತ ಬರಕೋ, ಆಮೇಲೆ ಕಂಪ್ಯೂಟರಿಗೆ ಸಮೀಕರಣ ಬಿಡಿಸೋಕೆ ಹೇಳು. ಹಳೇ ಲೇತ್ ಮಷೀನಿನ ಮೇಲೆ ಪ್ರಯೋಗ ಶುರುವಾಯ್ತು. ಮೊದಲ ಚಿತ್ರಕ್ಕೆ ಒಂಬತ್ತು ದಿನ, 28,000 ಅಳತೆ, ಲೆಕ್ಕಕ್ಕೆ ಕಂಪ್ಯೂಟರಿನ ಎರಡೂವರೆ ಗಂಟೆ. ಪರೀಕ್ಷೆಗೆ ಎತ್ತಿನ ಮೆದುಳೂ ಬಂತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿ. ಮೆದುಳಿನ ಮುಂಭಾಗದಲ್ಲಿ ಗಡ್ಡೆ ಇರಬಹುದು ಅನ್ನೋ ಅನುಮಾನವಿದ್ದ ಹೆಂಗಸು. ಚಿತ್ರ ಇದ್ದದ್ದು 80 ಅಡ್ಡ, 80 ಉದ್ದ ಚುಕ್ಕಿ, ಅಂದ್ರೆ ನಿಮ್ಮ ವಾಟ್ಸಾಪ್ ಡಿಪಿಗಿಂತ ಕಳಪೆ. ಆದರೂ ಗಡ್ಡೆ ಕಾಣಿಸಿತು. 1979ರಲ್ಲಿ ಹೌನ್ಸ್‌ಫೀಲ್ಡ್‌ಗೂ, ಬೇರೆಯಾಗಿಯೇ ಇದರ ಗಣಿತ ಮಾಡಿದ್ದ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಂತು. ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ಆಗ ಸಿಟಿ ಇನ್ನೂ ಎರಡು ವರ್ಷದ ಕೂಸು.

ಆದರೆ ದೊಡ್ಡವ್ವನ ಪ್ರಶ್ನೆಗೆ ಸಿಟಿ ಒಂದೇ ಉತ್ತರವಲ್ಲ. ಸಿಟಿ ತೋರಿಸೋದು ಗಂಟಿನ ಆಕಾರ, ಅಳತೆ. ಕೀಮೋ ಆದ ಮೇಲೂ ಗಂಟಿನ ಜಾಗದಲ್ಲಿ ಸತ್ತ ಅಂಗಾಂಶ ಉಳಿದಿರಬಹುದು. ಅದು ಸತ್ತಿದೆಯಾ, ಬದುಕಿದೆಯಾ?

ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಬಾಚಿ ತಿಂತಾವೆ ಅಂತ ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದ. ಸಕ್ಕರೆಯಂಥ ಅಣುವಿಗೆ ವಿಕಿರಣ ಸೂಸೋ ಫ್ಲೋರಿನ್-18 ಅಂಟಿಸಿದ ಎಫ್‌ಡಿಜಿಯನ್ನು ಮನುಷ್ಯರಿಗೆ ಮೊದಲು ಚುಚ್ಚಿದ್ದು 1976ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅದನ್ನು ತಯಾರಿಸಿದ್ದು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್‌ನಲ್ಲಿ. ವಿಮಾನದಲ್ಲೇ ತರಬೇಕಾಯ್ತು, ಯಾಕಂದ್ರೆ 110 ನಿಮಿಷಕ್ಕೊಮ್ಮೆ ಅದರ ಶಕ್ತಿ ಅರ್ಧ ಆಗುತ್ತೆ. ನಮ್ಮ ಹಡಗಲಿ ಮಲ್ಲಿಗೆ ಥರ, ಕೊಯ್ದ ಗಳಿಗೆಯಿಂದಲೇ ಬಾಡೋಕೆ ಶುರು. ಭಾರತಕ್ಕೆ ಪೆಟ್ ಸ್ಕ್ಯಾನ್ ಬಂದದ್ದು 2002ರಲ್ಲಿ, ಮುಂಬೈಗೆ.

ಸೈಕ್ಲೋಟ್ರಾನ್ ಇರೋ ಊರಿಂದ ಕೆಲವು ಗಂಟೆ ದೂರದೊಳಗೆ ಇದನ್ನು ಮುಟ್ಟಿಸಬೇಕು. ಹಾಗಾಗಿ ಔಷಧಿ ಇಟ್ಟಿಗಿಗೆ ಬರೋದಿಲ್ಲ, ಇಟ್ಟಿಗಿಯೇ ರಾತ್ರಿ ಬಸ್ಸು ಹತ್ತಬೇಕು. ಭೌತಶಾಸ್ತ್ರದ ಮೇಲೆ ಸಿಟ್ಟು ಮಾಡಿ ಏನು ಉಪಯೋಗ, ಆದರೂ ನನಗೆ ಬಂತು.

ಹೊಳೆಯೋದೆಲ್ಲಾ ಕ್ಯಾನ್ಸರ್ ಅಂತಲೂ ಅಲ್ಲ. ಟಿಬಿ ಗಂಟೂ ಸಕ್ಕರೆ ಎಳಕೊಂಡು ಹೊಳೆಯುತ್ತೆ. ಅದಕ್ಕೇ ಮೊದಲು ಬಯಾಪ್ಸಿ ಬೇಕೇ ಬೇಕು. ಈಗಿನ ಸ್ಕ್ಯಾನ್ ಹೇಳಬೇಕಾದ್ದು ಬೇರೆ: ಇದೇ ಔಷಧಿ ಮುಂದುವರಿಸೋದಾ, ಬದಲಿಸೋದಾ?

ನನ್ನ ವಿವರಣೆ ಕೇಳಿ ದೊಡ್ಡವ್ವ, "ಹಂಗಾರ ಕಸ ತೆಗೆದ ಮ್ಯಾಲೆ ಹೊಲ ನೋಡಿ ಬಂದಂಗ ಅನ್ನು. ಬೇರು ಉಳಿದೈತೇನು ಅಂತ" ಅಂದ್ಲು. ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಅಲುಗಾಡದೆ ಮಲಗಿಸಿದರು.

ಎರಡು ದಿನಕ್ಕೆ ರಿಪೋರ್ಟು ಬಂತು. ಕುತ್ತಿಗೆಯ ಗಂಟು ಸಣ್ಣದಾಗಿ ಉಳಿದಿತ್ತು, ಆದರೆ ಹೊಳೀತಿರಲಿಲ್ಲ. ಔಷಧಿ ಬದಲಿಸೋದು ಬೇಡ, ಇನ್ನೂ ನಾಲ್ಕು ಸಲ ಬನ್ನಿ ಅಂದ್ರು ಡಾಕ್ಟರು. ದೊಡ್ಡವ್ವ ಕೇಳಿದ್ದು ಒಂದೇ: "ರಾತ್ರಿ ಬಸ್ಸಿಗೆ ಸೀಟು ಸಿಗತೈತೇನು ನೋಡು."